ಕವಲಲ್ಲಿ ನಿಂತ ಇಲಿಯಿಂದ ಶುರು ಮಾಡಿ

ನಮಸ್ಕಾರ,

ಪ್ರಾಣಿಗಳು ಮುಂದಿನದನ್ನು ಹೇಗೆ ಯೋಚಿಸುತ್ತವೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸಿಲ್ಲ, ವಿಷಯ ಅಷ್ಟು ಚೆನ್ನಾಗಿದೆ.

ಅಳಿಲು ಕಾಯಿ ಬಚ್ಚಿಡುತ್ತದೆ, ಆದ್ದರಿಂದ ಅದಕ್ಕೆ ಮುಂದಾಲೋಚನೆ ಇದೆ ಎಂದಿದ್ದೀರಿ. ಚಳಿಗಾಲವನ್ನೇ ಕಾಣದ ಮರಿಯೂ ಬಚ್ಚಿಡುತ್ತದೆ. ಅದು ಹುಟ್ಟುಗುಣ ಇರಬಹುದು, ಅಲ್ವಾ? ಅದರ ಬದಲು ಸ್ಕ್ರಬ್ ಜೇ ಹಕ್ಕಿಗಳನ್ನು ತನ್ನಿ. ಕೇಂಬ್ರಿಜ್‌ನ ನಿಕೋಲಾ ಕ್ಲೇಟನ್ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗವದು. ಒಂದು ಕೋಣೆಯಲ್ಲಿ ಹಕ್ಕಿಗೆ ಬೆಳಿಗ್ಗೆ ತಿಂಡಿ ಸಿಗುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಸಂಜೆ ಬೀಜ ಕೊಟ್ಟಾಗ ತಿಂಡಿ ಸಿಗದ ಕೋಣೆಯಲ್ಲೇ ಜಾಸ್ತಿ ಬಚ್ಚಿಟ್ಟವು.

ಲೇಖನದ ಜೀವ ಇರುವುದು ಇಲಿಯಲ್ಲಿ. ಅದಕ್ಕೆ ಕೊಟ್ಟಿರುವುದು ಒಂದೇ ಸಾಲು: "ಎತ್ತ ಹೋಗಲಿ ಎಂದು ಇಲಿ ತನ್ನನ್ನೇ ಕೇಳಿಕೊಳ್ಳುತ್ತದೆ." ಅದು ಕೇಳಿಕೊಂಡದ್ದನ್ನು ಕಂಡವರಿಲ್ಲ. ಕಂಡದ್ದನ್ನು ಬರೆಯಿರಿ. ದಾರಿ ಕವಲೊಡೆಯುವಲ್ಲಿ ಇಲಿ ನಿಲ್ಲುತ್ತದೆ. ತಲೆಯನ್ನು ಅತ್ತ ಇತ್ತ ತಿರುಗಿಸುತ್ತದೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್ಮನ್ 1930ರ ದಶಕದಲ್ಲೇ ಇದರ ಬಗ್ಗೆ ಬರೆದರು, ಆದರೆ ಆಗ ಮೆದುಳೊಳಗೆ ಇಣುಕಲು ಆಗುತ್ತಿರಲಿಲ್ಲ. ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ, ಇಲಿ ಒಂದೊಂದು ಜಾಗಕ್ಕೆ ಬಂದಾಗ ಮಿಡಿಯುವ ಬೇರೆ ಬೇರೆ ನರಕೋಶಗಳಿವೆ. 2007ರಲ್ಲಿ ಮಿನೆಸೋಟದ ಆಡಂ ಜಾನ್ಸನ್ ಮತ್ತು ಡೇವಿಡ್ ರೆಡಿಷ್ ಅವನ್ನು ಗಮನಿಸಿದರು. ಇಲಿ ಕವಲಲ್ಲಿ ನಿಂತಿರುವಾಗಲೇ ಮುಂದಿನ ದಾರಿಯ ಕೋಶಗಳು ಸಾಲಾಗಿ ಮಿಡಿದವು. ಮೊದಲು ಒಂದು ಕಡೆಯವು, ಆಮೇಲೆ ಇನ್ನೊಂದು ಕಡೆಯವು. ಕಾಲು ನಿಂತಲ್ಲೇ ಇದೆ, ಮೆದುಳು ಎರಡೂ ದಾರಿ ನೋಡುತ್ತಿದೆ! ದಾರಿ ರೂಢಿಯಾದಂತೆ ಹೀಗೆ ನಿಂತು ನೋಡುವುದೂ ಕಡಿಮೆಯಾಗುತ್ತದೆ. ಇದನ್ನು ಮೊದಲು ಓದಿದಾಗ ನನಗೆ ಮೈ ಜುಂ ಎಂದಿತ್ತು. ನಿಮ್ಮ ಓದುಗರಿಗೂ ಹಾಗಾಗಬೇಕು.

ಕೋತಿಯ ಭಾಗದಲ್ಲಿ ತಪ್ಪಿದೆ. ಎಷ್ಟು ನೀರು ಸಿಗುತ್ತದೆಂದು ಮೊದಲೇ ತಿಳಿದುಕೊಂಡು ಅವು ಜಾಸ್ತಿ ನೀರು ಗಳಿಸಿದವು ಎಂದಿದ್ದೀರಿ. ಇಲ್ಲ. ಬ್ರೋಂಬರ್ಗ್-ಮಾರ್ಟಿನ್ ಮತ್ತು ಹಿಕೊಸಾಕ ಅವರ 2009ರ ಪ್ರಯೋಗದಲ್ಲಿ ಮೊದಲೇ ತಿಳಿದರೂ ತಿಳಿಯದಿದ್ದರೂ ಸಿಗುವ ನೀರಿನಲ್ಲಿ ವ್ಯತ್ಯಾಸವಿರಲಿಲ್ಲ. ಆದರೂ ಕೋತಿಗಳು ತಿಳಿಯುವುದನ್ನೇ ಆರಿಸಿದವು. ನೀರಿನ ಸೂಚನೆಗೆ ಮಿಡಿಯುವ, ಡೋಪಮೈನ್ ಎಂಬ ರಾಸಾಯನಿಕ ಬಿಡುವ ಮೆದುಳಿನ ಕೋಶಗಳೇ, ಸುದ್ದಿ ಸಿಗಲಿದೆ ಎಂಬ ಸೂಚನೆಗೂ ಮಿಡಿದವು. ಲಾಭವಿಲ್ಲದಿದ್ದರೂ ತಿಳಿಯಬೇಕು ಎಂಬ ಆ ಆಸೆಯೇ ಅಲ್ಲಿನ ಬೆರಗು. ನೀವು ಲಾಭ ಸೇರಿಸಿ ಅದನ್ನೇ ಕಳೆದಿದ್ದೀರಿ.

ಮನುಷ್ಯ ಪ್ರಾಣಿಗಳಿಂದ ಕಲಿಯಬೇಕೆಂಬ ಕೊನೆಯ ಪುಟ ತೆಗೆದುಬಿಡಿ. ಆ ಜಾಗವನ್ನೂ ಇಲಿಗೇ ಕೊಡಿ. ತಿದ್ದಿದ ಮೇಲೆ ನೇರವಾಗಿ ನನಗೇ ಕಳಿಸಿ.