ಹಳ್ಳದ ಬಂಡೆಗೆ ಅಂಟಿದ್ದ ಆ ಪುಟ್ಟ ಮೀಸೆ ಮೀನು

ಕೊಡಗಿನ ಹಳ್ಳದಲ್ಲಿ, ನೀರು ರಭಸವಾಗಿ ಹರಿಯೋ ಕಡೆ ಬಂಡೆಗೆ ಅಂಟಿಕೊಂಡಿದ್ದ ಬೆರಳುದ್ದದ ಮೀಸೆ ಮೀನು ಯಾವುದು ಅಂತ ಕೇಳಿದ್ದೀರಿ. ಫೋಟೋ ನೋಡಿದ ತಕ್ಷಣ ಖುಷಿಯಾಯಿತು. ಇದು ಗ್ಲಿಪ್ಟೋಥೊರಾಕ್ಸ್ ಕುಲದ್ದು. ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆ, ಬೆನ್ನಿನ ಹಿಂಭಾಗದಲ್ಲಿ ಮೆತ್ತಗಿನ ಚಿಕ್ಕ ರೆಕ್ಕೆ, ಎರಡೂ ಕಾಣಿಸುತ್ತಿವೆ.

ಆದರೆ ನಿಜವಾದ ಗುರುತು ಇರುವುದು ಎದೆಯಲ್ಲಿ. ಅಲ್ಲಿ ಚರ್ಮ ಉದ್ದುದ್ದ ನೆರಿಗೆಯಾಗಿರುತ್ತದೆ, ಸೀರೆಯ ನೆರಿಗೆ ಒತ್ತಿಟ್ಟ ಹಾಗೆ. ಅದನ್ನು ಕಲ್ಲಿಗೆ ಒತ್ತಿ ಹಿಡಿದೇ ಅದು ಸೆಳೆತದಲ್ಲಿ ನಿಲ್ಲುವುದು. ಕುಲದ ಹೆಸರಿನ ಅರ್ಥವೂ 'ಕೆತ್ತಿದ ಎದೆ' ಅಂತಲೇ. ಬಂಡೆಗೆ ಅಂಟುವ ಚಪ್ಪಟೆ ಲೋಚ್ ಮೀನುಗಳಿಗೆ ಈ ನೆರಿಗೆ ಇಲ್ಲ, ಅವು ಅಗಲವಾದ ರೆಕ್ಕೆಗಳಿಂದ ಹಿಡಿದುಕೊಳ್ಳುತ್ತವೆ.

ಕಾವೇರಿ ಕಡೆಯದ್ದಾದ್ದರಿಂದ ಈ ಕುಲದ ಮದ್ರಾಸ್ಪಟಾನಸ್ ಎಂಬ ಜಾತಿ ಇರಬಹುದು ಅನ್ನಿಸುತ್ತದೆ. ಬ್ರಿಟಿಷ್ ಮೀನು ತಜ್ಞ ಫ್ರಾನ್ಸಿಸ್ ಡೇ 1873ರಲ್ಲಿ ಕಾವೇರಿಯ ಉಪನದಿ ಭವಾನಿಯ ಮೀನು ನೋಡಿ ಅದನ್ನು ವಿವರಿಸಿದ್ದ. ಆದರೆ ಮೇಲಿನಿಂದ ತೆಗೆದ ಒಂದೇ ಫೋಟೋ ನೋಡಿ ಜಾತಿ ಹೇಳುವುದು ತಪ್ಪಾಗುತ್ತದೆ.

ಮತ್ತೆ ಸಿಕ್ಕರೆ ಗಾಜಿನ ಡಬ್ಬಿಗೆ ಹಳ್ಳದ ನೀರನ್ನೇ ತುಂಬಿ ಮೀನನ್ನು ಅದರಲ್ಲಿ ಬಿಡಿ. ಸ್ವಲ್ಪ ಹೊತ್ತು ಸುಮ್ನೆ ಕಾಯಿರಿ, ಅದು ತಾನಾಗೇ ಗಾಜಿಗೆ ಅಂಟಿಕೊಂಡರೆ ಕೆಳಗಿನಿಂದ ಎದೆಯ ಫೋಟೋ ತೆಗೆಯಿರಿ. ನೆರಿಗೆಗಳ ಆಕಾರ, ಚರ್ಮ ನುಣುಪೋ ತರಿತರಿಯೋ ಅನ್ನುವುದು ಜಾತಿ ಗುರುತಿಸಲು ಬೇಕು. ಎರಡು ನಿಮಿಷಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ನಿಂತ ನೀರಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ. ಹಿಡಿದ ಬಂಡೆಯ ಹತ್ತಿರವೇ ಬಿಟ್ಟುಬಿಡಿ.