ಬಡಾವಣೆ ಸಂಘದ ಬೈಲಾದಲ್ಲಿ ಮತದ ಹಕ್ಕು ಯಾರಿಗೆ ಅಂತ ಬರೆಯಬೇಕು?

ನೀವು ಕೇಳಿರುವುದು ಇಷ್ಟು: ಮೈಸೂರಿನ ನಿಮ್ಮ ಬಡಾವಣೆಯಲ್ಲಿ ಕ್ಷೇಮಾಭಿವೃದ್ಧಿ ಸಂಘ ನೋಂದಣಿ ಮಾಡಿಸಬೇಕು. ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಸಾಮಾನ್ಯ, ಆಜೀವ, ಪೋಷಕ, ಗೌರವ ಅಂತ ನಾಲ್ಕು ಥರ ಸದಸ್ಯರನ್ನು ಹಾಕಿದ್ದೀರಿ. ಇವರಲ್ಲಿ ಮತ ಯಾರಿಗೆ? ಶುಲ್ಕ ಬಾಕಿ ಇಟ್ಟವರನ್ನು ಏನು ಮಾಡಬೇಕು?

ನಾನು ಮಂಡ್ಯದಲ್ಲಿ ಇಂಥ ಕೆಲವು ಸಂಘಗಳ ಲೆಕ್ಕಪತ್ರ ನೋಡುತ್ತೇನೆ. ನನ್ನ ಕೇಳಿದರೆ, ನಾಲ್ಕು ಥರ ಸದಸ್ಯರಿಂದ ಜಗಳ ಆಗುವುದು ಕಡಿಮೆ. ಬಾಕಿದಾರರಿಂದ ಆಗುವುದೇ ಜಾಸ್ತಿ.

'ಸದಸ್ಯ ಯಾರು' ಅನ್ನುವುದನ್ನೂ 'ಈ ಸಭೆಯಲ್ಲಿ ಮತ ಯಾರಿಗೆ' ಅನ್ನುವುದನ್ನೂ ಬೇರೆ ಬೇರೆ ಕಲಂ ಮಾಡಿ. ಎಷ್ಟೋ ಬೈಲಾಗಳಲ್ಲಿ 'ಶುಲ್ಕ ಕಟ್ಟದವರ ಸದಸ್ಯತ್ವ ರದ್ದಾಗುವುದು' ಅಂತ ಒಂದೇ ಸಾಲು ಇರುತ್ತದೆ. ಯಾವಾಗ ರದ್ದು? ಯಾರು ಮಾಡುವುದು? ನೋಟಿಸ್ ಬೇಡವಾ? ಕಟ್ಟಿದರೆ ಮತ್ತೆ ಸೇರಿಸಿಕೊಳ್ಳುತ್ತಾರಾ? ಒಂದಕ್ಕೂ ಉತ್ತರ ಇಲ್ಲ. ಆಮೇಲೆ ಕಮಿಟಿಯವರಿಗೆ ಆಗದವರು ರದ್ದು, ಬೇಕಾದವರು ಕಟ್ಟದಿದ್ದರೂ ಸದಸ್ಯರೇ.

1860ರ ಸಂಘಗಳ ನೋಂದಣಿ ಕಾಯ್ದೆಯ 15ನೇ ಕಲಂ ಇದನ್ನು ಚೆನ್ನಾಗಿ ಹೇಳಿದೆ. ಮೂರು ತಿಂಗಳಿಗಿಂತ ಜಾಸ್ತಿ ಬಾಕಿ ಇದ್ದವರಿಗೆ ಮತ ಇಲ್ಲ, ಅವರನ್ನು ಸದಸ್ಯರೆಂದು ಎಣಿಸುವ ಹಾಗೂ ಇಲ್ಲ. ನಿಮ್ಮ ಸಂಘ ನೋಂದಣಿ ಆಗುವುದು 1960ರ ಕರ್ನಾಟಕ ಕಾಯ್ದೆಯಲ್ಲಿ. ಆದರೂ ಮಾದರಿಗೆ ಆ ಹಳೇ ವಾಕ್ಯ ಇಟ್ಟುಕೊಳ್ಳಿ.

'ಎಣಿಸುವ ಹಾಗಿಲ್ಲ' ಅನ್ನುವುದನ್ನು ಸುಮ್ನೆ ಬಿಡಬೇಡಿ, ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ, ನಿಂತಿರುವುದೇ ಅದರ ಮೇಲೆ. ನಿಮ್ಮಲ್ಲಿ 200 ಸದಸ್ಯರು, ಕೋರಂ ಮೂರನೇ ಒಂದು ಭಾಗ ಅಂದುಕೊಳ್ಳಿ. 67 ಜನ ಬರಬೇಕು. ಆದರೆ ಆ 200ರಲ್ಲಿ 80 ಜನ ಬಾಕಿದಾರರು. ಅವರು ಮತ ಹಾಕುವ ಹಾಗಿಲ್ಲ, ಸಭೆಗೂ ಬರುವುದಿಲ್ಲ, ಲೆಕ್ಕದಲ್ಲಿ ಮಾತ್ರ ಇರುತ್ತಾರೆ. ಪ್ರತಿ ಮಹಾಸಭೆಯೂ ಕೋರಂ ಇಲ್ಲದೆ ಮುಂದಕ್ಕೆ ಹೋಗುತ್ತದೆ. 'ಮತದ ಹಕ್ಕಿರುವ ಸದಸ್ಯರ ಮೂರನೇ ಒಂದು ಭಾಗ' ಅಂತ ಬರೆದರೆ 40 ಜನ ಸಾಕು.

ಇನ್ನು ತಾರೀಖು. ಚುನಾವಣೆ ಹಿಂದಿನ ಸಂಜೆ ಒಬ್ಬರೇ ಬಂದು ಮೂವತ್ತು ನಲವತ್ತು ಜನರ ಬಾಕಿಯನ್ನು ಒಂದೇ ಮೊಬೈಲ್‌ನಿಂದ ಫೋನ್‌ಪೇ ಮಾಡುತ್ತಾರೆ. ರಶೀದಿ ಪುಸ್ತಕದಲ್ಲಿ ಸಾಲಾಗಿ ಅದೇ ಕೈಬರಹ, ಅದೇ ತಾರೀಖು. ಕಾರ್ಬನ್ ಪ್ರತಿ ನೋಡಿದರೆ ಸಾಕು, ಯಾರು ಗೆಲ್ಲುತ್ತಾರೆ ಅಂತ ಮತಪೆಟ್ಟಿಗೆ ತೆರೆಯುವ ಮೊದಲೇ ಹೇಳಬಹುದು! ಇದಕ್ಕೆ ಬೈಲಾದಲ್ಲೇ ತಡೆ ಹಾಕಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: 'ಸಭೆಯ ದಿನಕ್ಕೆ 30 ದಿನ ಮೊದಲು ಬಾಕಿ ಪೂರ್ತಿ ಕಟ್ಟಿರುವ, ಸದಸ್ಯರಾಗಿ ಒಂದು ವರ್ಷ ಆಗಿರುವವರಿಗೆ ಮಾತ್ರ ಮತದ ಹಕ್ಕು. ಈ ಪಟ್ಟಿಯನ್ನು 21 ದಿನ ಮೊದಲು ನೋಟಿಸ್ ಬೋರ್ಡಿಗೆ ಹಾಕತಕ್ಕದ್ದು. ಆಕ್ಷೇಪಣೆಗೆ 7 ದಿನ ಕಾಲಾವಕಾಶ.' ಇಲ್ಲಿ ದಿನಗಳ ಲೆಕ್ಕ ನನ್ನದು, ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ. ಮೊದಲ ಚುನಾವಣೆಗೆ ಒಂದು ವರ್ಷದ ಷರತ್ತಿನಿಂದ ವಿನಾಯಿತಿ ಕೊಡುವುದು ಮರೆಯಬೇಡಿ, ಇಲ್ಲದಿದ್ದರೆ ಸ್ಥಾಪಕರಿಗೇ ಮತ ಇರುವುದಿಲ್ಲ.

ನಾಲ್ಕು ಥರದ ಸದಸ್ಯರ ವಿಷಯ ಸುಲಭ. ಸಾಮಾನ್ಯ ಮತ್ತು ಆಜೀವ ಸದಸ್ಯರಿಗೆ ಒಂದೊಂದು ಮತ. ಗೌರವ ಸದಸ್ಯರಿಗೆ ಹಾರ, ಶಾಲು, ಮುಂದಿನ ಸಾಲಿನ ಕುರ್ಚಿ, ಮತ ಬೇಡ. ಪೋಷಕರು ಜಾಸ್ತಿ ದುಡ್ಡು ಕೊಟ್ಟರು ಅಂತ ಜಾಸ್ತಿ ಮತ ಕೊಡಬೇಡಿ. ಹಾಲಿನ ಡೇರಿಯಂಥ ಸಹಕಾರ ಸಂಘದಲ್ಲೂ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ನಿಮ್ಮದು ಅಪಾರ್ಟ್‌ಮೆಂಟ್ ಆಗಿದ್ದರೆ ಮಾತ್ರ ಕಥೆ ಬೇರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಬಹುಮತ ಲೆಕ್ಕ ಹಾಕುವುದು ತಲೆ ಎಣಿಸಿ ಅಲ್ಲ, ಘೋಷಣಾ ಪತ್ರದಲ್ಲಿ ಪ್ರತಿ ಫ್ಲಾಟಿಗೆ ಬರೆದ ಶೇಕಡಾವಾರು ಪಾಲಿನ ಮೇಲೆ.

ನೀವು ಕೇಳದೇ ಇರುವ ಒಂದು ವಿಷಯ ಇದೆ. ಮನೆ ಯಜಮಾನರ ಹೆಸರಲ್ಲಿ, ಸಭೆಗೆ ಬರುವವರು ಅವರ ಹೆಂಡತಿ. ಇನ್ನೊಂದು ಮನೆ ಮೂವರು ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿದೆ. ಮತ್ತೊಬ್ಬರು ಸೈಟು ಮಾರಿ ಬೆಂಗಳೂರಿಗೆ ಹೋದರೂ ಪುಸ್ತಕದಲ್ಲಿ ಹೆಸರು ಹಾಗೇ ಇದೆ. ಮನೆಗೆ ಒಂದು ಮತವೋ ತಲೆಗೆ ಒಂದೋ, ಮೊದಲೇ ತೀರ್ಮಾನಿಸಿ. ಬಡಾವಣೆಗೆ ಮನೆಗೊಂದು ಅನ್ನುವುದೇ ಸರಿ ಅಂತ ನನ್ನ ಅಭಿಪ್ರಾಯ. ಆ ಮನೆಯವರು ಯಾರ ಹೆಸರನ್ನು ಬರೆದು ಕೊಡುತ್ತಾರೋ ಅವರು ಮತ ಹಾಕಲಿ. ಮಾರಿದ ದಿನವೇ ಹಕ್ಕು ಮುಗಿಯಿತು ಅಂತಲೂ ಸೇರಿಸಿ. ಬಾಡಿಗೆಯವರು ಸಭೆಯಲ್ಲಿ ಮಾತಾಡಲಿ. ಕಸ, ಕಾವೇರಿ ನೀರು, ಬೀದಿದೀಪದ ತೊಂದರೆ ಅವರಿಗೂ ಇದೆ, ಅಲ್ವಾ?

1960ರ ಕಾಯ್ದೆ ಪ್ರಕಾರ ಸಂಘ ನೋಂದಾಯಿಸಲು ಕನಿಷ್ಠ 7 ಜನ ಸಹಿ ಹಾಕಬೇಕು. ಆ ಏಳು ಜನರನ್ನು ಕೂರಿಸಿ ಈ ಕಲಂಗಳನ್ನು ಒಮ್ಮೆ ಜೋರಾಗಿ ಓದಿಸಿ. ನೋಂದಣಿ ಆದಮೇಲೆ ತಿದ್ದಬೇಕು ಅಂದರೆ ಮಹಾಸಭೆ ಕರೆಯಬೇಕು, ಅಲ್ಲಿ ಅದೇ ಕೋರಂ ಪ್ರಶ್ನೆ ಮತ್ತೆ ಎದುರಾಗುತ್ತದೆ.