ಹಳದಿ ಕಣ್ಣಿನ ‘ಫಾಲ್ಕನ್’

ಪತ್ರ: ಜೋಗಿಮಟ್ಟಿ ಕಡೆ ಮರದ ಬುಡದಲ್ಲಿ ಗೆಳೆಯನಿಗೆ ಫಾಲ್ಕನ್ ಮರಿ ಸಿಕ್ಕಿದೆ. ಹಳದಿ ಕಣ್ಣು, ಎದೆ ಮೇಲೆ ಕಂದು ಗೀರು. ನಾಲ್ಕು ದಿನದಿಂದ ಮೂಳೆ ತೆಗೆದ ಕೋಳಿಮಾಂಸ ಕೊಡುತ್ತಿದ್ದೇವೆ. ಅರಬರ ಹಾಗೆ ಬೇಟೆಗೆ ಪಳಗಿಸುವುದು ಹೇಗೆ?
– ಓದುಗರು, ಚಿತ್ರದುರ್ಗ

ಉತ್ತರ: ಕಣ್ಣು ಹಳದಿ ಅಂದಮೇಲೆ ಅದು ಫಾಲ್ಕನ್ ಅಲ್ಲ. ಫಾಲ್ಕನ್ ಕಣ್ಣು ಕಡುಗಂದು, ದೂರಕ್ಕೆ ಕಪ್ಪಾಗಿಯೇ ಕಾಣುತ್ತದೆ. ರೆಕ್ಕೆಯ ತುದಿ ಚೂಪು. ನಿಮ್ಮದು ಬಹುಮಟ್ಟಿಗೆ ಶಿಕ್ರಾ, ಊರೊಳಗಿನ ಮರಗಳಲ್ಲೂ ಗೂಡು ಕಟ್ಟುವ ಸಣ್ಣ ಗಿಡುಗ. ಯಾವುದೇ ಆಗಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೊಲ್ಲಿ ದೇಶಗಳಲ್ಲಿ ಇಂದು ಹಾರಿಸುವುದು ಬಹುಪಾಲು ಸಾಕಣೆ ಕೇಂದ್ರಗಳಲ್ಲೇ ಹುಟ್ಟಿದ ಹಕ್ಕಿಗಳನ್ನು.

ಆಟ ನಮ್ಮ ನೆಲಕ್ಕೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಗಿಡುಗದ ಬೇಟೆಯನ್ನೂ ಅರಸರ ವಿನೋದಗಳ ಸಾಲಿಗೆ ಸೇರಿಸಿದ್ದಾನೆ. ಕ್ರಮ ಕೇಳಿದ್ದೀರಿ, ಹೇಳುತ್ತೇವೆ.

ಪಳಗಿಸುವುದು ಮುಖ್ಯವಾಗಿ ತಕ್ಕಡಿಯ ಕೆಲಸ. ಗಿಡುಗಕ್ಕೆ ನಾಯಿಯ ಹಾಗೆ ಒಡೆಯನ ಮೇಲೆ ಅಕ್ಕರೆ ಹುಟ್ಟುವುದಿಲ್ಲ. ಹಸಿವಿದ್ದರೆ ಕೈಗೆ ಬರುತ್ತದೆ, ಗದರಿದರೆ ದೂರವಾಗುತ್ತದೆ. ದಿನಾ ಒಂದೇ ಹೊತ್ತಿಗೆ, ಹಿಂದಿನ ದಿನದ ಪುಕ್ಕ-ಮೂಳೆಯ ಉಂಡೆಯನ್ನು ಕಕ್ಕಿದ ಮೇಲೆ ತೂಗಿ, ಬರೆದಿಟ್ಟು, ಕೆಲವೇ ಗ್ರಾಂಗಳಷ್ಟು ಇಳಿಸುತ್ತಾರೆ. ಎದೆಮೂಳೆ ಬೆರಳಿಗೆ ಚಾಕುವಿನ ಅಲಗಿನಂತೆ ಸಿಕ್ಕಿದರೆ ಅತಿಯಾಯಿತು ಎಂದರ್ಥ. ಗರಿಯ ದಂಟಿನಲ್ಲಿ ಇನ್ನೂ ರಕ್ತ ಹರಿಯುವಾಗ ಹಸಿಯಗೊಟ್ಟರೆ ಗರಿಗೆ ಅಡ್ಡಲಾಗಿ ತೆಳುವಾದ ಗೆರೆ ಬೀಳುತ್ತದೆ. ಮುಂದೆ ಗರಿ ಮುರಿಯುವುದು ಸರಿಯಾಗಿ ಆ ಗೆರೆಯಲ್ಲೇ, ಮುರಿದದ್ದು ಮುಂದಿನ ಗರಿ ಉದುರುವ ಕಾಲದವರೆಗೆ ಹಾಗೇ. ಆದ್ದರಿಂದ ಗರಿ ಪೂರ್ತಿ ಗಟ್ಟಿಯಾಗುವವರೆಗೆ ಹೊಟ್ಟೆ ತುಂಬ ಮೇವು.

ಕಾಲಿಗೆ ತೊಗಲ ಪಟ್ಟಿ, ಕೈಗೆ ದಪ್ಪ ಗವಸು. ಮಬ್ಬು ಕೋಣೆಯಲ್ಲಿ ಗವಸಿನ ಮೇಲೆ ಕೂರಿಸಿ ಮಾಂಸ ತೋರಿಸುತ್ತಾರೆ. ಮೊದಮೊದಲು ಹಾರಿ ತಲೆಕೆಳಗಾಗಿ ನೇತಾಡುತ್ತದೆ; ಪಟ್ಟಿ ಹಿಡಿದು ಎಳೆಯಬಾರದು, ಬೆನ್ನಿಗೆ ಕೈಯಾನಿಸಿ ಮೇಲೆತ್ತಬೇಕು. ಎದುರಿಗಿರುವ ಮನುಷ್ಯನಿಂದ ಕಣ್ಣು ಕಿತ್ತು ತಲೆ ಬಗ್ಗಿಸಿ ತಿಂದಿತೆಂದರೆ ಅರ್ಧ ಗೆದ್ದಂತೆ. ಆಮೇಲೆ ಗವಸಿಗೆ ಒಂದು ಹೆಜ್ಜೆ, ಒಂದು ನೆಗೆತ, ಉದ್ದ ದಾರ ಕಟ್ಟಿ ಐದು ಮೀಟರು, ಹತ್ತು, ಕೊನೆಗೆ ಐವತ್ತು. ಬಯಲಿನಲ್ಲಿ ಜಾಲಿ ಇರಕೂಡದು, ದಾರ ಸಿಕ್ಕಿದರೆ ಹಾರುವ ವೇಗಕ್ಕೆ ಕಾಲೇ ಹೋಗುತ್ತದೆ. ಫಾಲ್ಕನ್‌ಗಾದರೆ ಮುಂದಿನದು ರೆಕ್ಕೆ ಕಟ್ಟಿದ ತೊಗಲಿನ ಆಮಿಷ. ಅದನ್ನು ಹಿಡಿದಾಗ ಕಸಿದರೆ ಕೆಟ್ಟಿತು: ರೆಕ್ಕೆ ಹರಡಿ ಮುಚ್ಚಿಕೊಳ್ಳುವುದನ್ನೋ ಹೊತ್ತೊಯ್ಯುವುದನ್ನೋ ಕಲಿಯುತ್ತದೆ. ಗವಸಿನಲ್ಲಿ ಮಾಂಸ ತೋರಿಸಿ ತಾನಾಗಿ ಹತ್ತಿಸಿಕೊಳ್ಳಬೇಕು. ದಾರ ಬಿಚ್ಚುವ ದಿನ ಬಾಲಕ್ಕೆ ಟ್ರಾನ್ಸ್‌ಮೀಟರ್ ಬೇಕೇ ಬೇಕು. ತೂಕ ಹೆಚ್ಚಿದ್ದರೆ, ಗಾಳಿ ಜೋರಾಗಿದ್ದರೆ ಬಿಚ್ಚುವುದೇ ಇಲ್ಲ.

ಎಳೆಯದರಲ್ಲೇ ಮನುಷ್ಯ ತುತ್ತು ಕೊಟ್ಟು ಬೆಳೆಸಿದ ಮರಿಯ ಪಾಡು ಬೇರೆ. ಅದು ನಿಮ್ಮನ್ನು ಕಂಡಾಗಲೆಲ್ಲ ಕಿರುಚುತ್ತದೆ. ಕಾಡಿಗೆ ಬಿಟ್ಟರೂ ಆಹಾರಕ್ಕೆ ಜನರ ಹತ್ತಿರವೇ ಬರುತ್ತದೆ. ನಿಮ್ಮ ಗೆಳೆಯನ ಮರಿ ಇವತ್ತು ಆ ದಾರಿಯಲ್ಲಿದೆ.

ಮೂಳೆಯಿಲ್ಲದ ಮಾಂಸವನ್ನು ಇಂದೇ ನಿಲ್ಲಿಸಿ. ಅದರಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಬೆಳೆಯುವ ಮರಿಯ ಕಾಲು ಸೊಟ್ಟಗಾಗುತ್ತದೆ. ಹಾಲು, ಬ್ರೆಡ್ಡು ಬೇಡ. ಬಾಯಿಗೆ ನೀರು ಹನಿಸಲೂ ಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಗೆ ಹಳೆ ಟವೆಲ್ ಹಾಸಿ, ಮರಿಯಿಟ್ಟು ಮುಚ್ಚಿ, ನೆರಳಲ್ಲಿ ಸದ್ದಿಲ್ಲದ ಕಡೆ ಇಡಿ. ಇವತ್ತೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಒಯ್ದು, ಸಿಕ್ಕ ಮರ ಯಾವುದು, ಏನು ತಿನ್ನಿಸಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಗಾಯವಿಲ್ಲದೆ, ರೆಕ್ಕೆ ಬಲಿತಿದ್ದರೆ ಅದೇ ಮರದ ಕೊಂಬೆಗೆ ಮರಳಿಸುವುದನ್ನು ಅವರು ನೋಡಿಯಾರು. ತಾಯಿ-ತಂದೆ ಹಕ್ಕಿಗಳು ಅಲ್ಲೇ ಸುತ್ತುತ್ತಿದ್ದರೆ ಮತ್ತೆ ಉಣಿಸುತ್ತವೆ.
– ಸಂ.